ಮೂರೆಲೆಯ ಮುಳ್ಳುಮರ: ಗುರುತು ಸಿಗದ ಒಂದು ‘ಕಾಡುನಿಂಬೆ’ಯ ಪ್ರಕರಣ ಅಧ್ಯಯನ

ಚಿಕ್ಕಪ್ಪ ಹಳೇ ಜಮೀನೊಂದನ್ನು ಕೊಂಡಾಗ ಅದರ ಒಂದು ಮೂಲೆಗೆ ಯಾರೂ ಕಾಲಿಡುತ್ತಿರಲಿಲ್ಲ. ಇಡೋಕೆ ಆಗುತ್ತಿರಲಿಲ್ಲ ಅನ್ನುವುದೇ ಸರಿ. ಅಲ್ಲೊಂದು ಮುಳ್ಳಿನ ಮರ ಇತ್ತು. ಎತ್ತರ ಜಾಸ್ತಿ ಇಲ್ಲ, ಸುಮಾರು 5 ಮೀಟರ್. ಆದರೆ ನೆಲಮಟ್ಟದಿಂದಲೇ ಕೊಂಬೆ ಹೊಡೆದು, ಒಂದರೊಳಗೊಂದು ಹೆಣೆದುಕೊಂಡು ನಿಂತಿತ್ತು. ಎಳೇ ಕೊಂಬೆಗಳೆಲ್ಲ ಕಡುಹಸಿರು. ಗೆಣ್ಣು ಗೆಣ್ಣಿಗೂ ಬೆರಳುದ್ದದ ಮುಳ್ಳು. ಬುಡದಲ್ಲಿ ನಿಂಬೆಗಿಂತ ಒಂಚೂರು ದೊಡ್ಡ ಹಣ್ಣುಗಳು ಬಿದ್ದು ಕೊಳೆಯುತ್ತಿದ್ದವು. ಕಿತ್ತಳೆ ಛಾಯೆಯ ಹಳದಿ ಬಣ್ಣ, ಗಮ್ಮನೆ ವಾಸನೆ. ಒಂದಕ್ಕೂ ಹಕ್ಕಿ ಕೊಕ್ಕು ಹಾಕಿರಲಿಲ್ಲ.

ಚಿಕ್ಕಪ್ಪನಿಗೆ ಬೇಕಾಗಿದ್ದು ಮೂರು ಉತ್ತರ. ಇದು ಯಾವ ಮರ? ಹಣ್ಣು ವಿಷವಾ? ಕಡಿಯಬೇಕಾ, ಉಳಿಸಿಕೊಳ್ಳಬೇಕಾ?

ಗಿಡಮರ ಗುರುತಿಸುವುದು ನನಗೆ ವರ್ಷಗಳಿಂದ ಅಂಟಿಕೊಂಡಿರುವ ಹವ್ಯಾಸ. ಹಾಗಾಗಿ ಅವರು ನನ್ನನ್ನು ಕರೆದರು. ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡು ಹೋದೆ. ಪೂರ್ತಿ ಉತ್ತರ ಸಿಗುವಷ್ಟರಲ್ಲಿ ಮೂರು ಭೇಟಿ ಆಗಿತ್ತು, ಹಣ್ಣಿನ ಕಾಲ ಹೋಗಿ ಚಳಿ ಕಳೆದು ಹೂವಿನ ಕಾಲ ಬಂದಿತ್ತು. ದಾರಿಯಲ್ಲಿ ಮಾಡಿದ ತಪ್ಪುಗಳನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೇ ಮರದ ಮುಂದೆ ನಿಂತಿರುವ ಇನ್ಯಾರಿಗಾದರೂ ಇದು ಕೆಲಸಕ್ಕೆ ಬರಲಿ ಅನ್ನುವುದು ನನ್ನ ಆಸೆ.

ಮೊದಲ ಭೇಟಿ: ಮೂರು ಫೋಟೋ, ಮೂರು ಹೆಸರು

ಹೋದ ತಕ್ಷಣ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಫೋನ್ ತೆಗೆದು ಎಲೆಯ ಫೋಟೋ ಒಂದು, ಹಣ್ಣಿನದು ಒಂದು, ಮುಳ್ಳಿನದು ಒಂದು ಹೊಡೆದೆ. ಗಿಡ ಗುರುತಿಸುವ ಆಪ್‌ಗೆ ಹಾಕಿದೆ. ಎಲೆ ನೋಡಿ ಬಿಲ್ವ ಅಂದಿತು. ಹಣ್ಣು ನೋಡಿ ನಿಂಬೆ ಅಂದಿತು. ಮುಳ್ಳಿಗೆ ನಿಂಬೆ ಜಾತಿಗೆ ಸಂಬಂಧವೇ ಇಲ್ಲದ ಬೇಲಿಗಿಡವೊಂದರ ಹೆಸರು ಕೊಟ್ಟಿತು.

ಆಪ್ ಅನ್ನು ದೂರಿ ಪ್ರಯೋಜನ ಇಲ್ಲ. ಈ ಜಾತಿಯ ಗಿಡಗಳನ್ನು ಬಿಡಿಸಿ ಹೇಳುವ ಗುರುತುಗಳು ಮೇಲಿನಿಂದ ಹೊಡೆದ ಫೋಟೋದಲ್ಲಿ ಬರುವುದೇ ಇಲ್ಲ. ಎಲೆತೊಟ್ಟು ಕೊಂಬೆಗೆ ಸೇರುವ ಜಾಗ, ತೊಟ್ಟಿನ ಆಚೀಚೆ ಇರುವ ರೆಕ್ಕೆ, ಹಣ್ಣಿನ ಅಡ್ಡಕೊಯ್ತ, ಕಾಂಡದ ಬುಡ. ಇವು ನಾಲ್ಕನ್ನು ನೋಡದೆ ಹೆಸರು ಹೇಳಿದರೆ ಅದು ಬರೀ ಊಹೆ.

“ಬಿಲ್ವಾನೇ ಇರಬೇಕು ಕಣೋ, ಮೂರೆಲೆ ಇದೆ ನೋಡು” ಅಂದರು ಚಿಕ್ಕಪ್ಪ.

“ಇರಬಹುದು ಚಿಕ್ಕಪ್ಪ. ಆದ್ರೆ ಸ್ವಲ್ಪ ತಾಳಿ, ಮೊದಲು ಯಾವ ಕುಟುಂಬ ಅಂತ ನೋಡೋಣ” ಅಂದೆ.

ಕುಟುಂಬ ಪತ್ತೆ ಮಾಡೋದು ಕಷ್ಟದ ಕೆಲಸ ಅಲ್ಲ. ಒಂದು ಎಲೆ ಕಿತ್ತು ಸೂರ್ಯನ ಬೆಳಕಿಗೆ ಅಡ್ಡ ಹಿಡಿದೆವು. ಎಲೆಯ ತುಂಬ ಸೂಜಿಮೊನೆಯಲ್ಲಿ ಚುಚ್ಚಿದಂಥ ಚುಕ್ಕೆಗಳು, ಬೆಳಕು ಅವುಗಳ ಮೂಲಕ ತೂರಿ ಬರುತ್ತಿತ್ತು. ಅವು ಎಣ್ಣೆಯ ಚೀಲಗಳು. ನಿಂಬೆ, ಕಿತ್ತಳೆ, ಬಿಲ್ವ, ಬೇಲ, ಕರಿಬೇವು ಎಲ್ಲ ಸೇರಿರುವ ರೂಟೇಸಿ ಕುಟುಂಬದ ದೊಡ್ಡ ಗುರುತು ಇದು. ಎಲೆ ಹಿಚುಕಿದರೆ ಆ ಚೀಲಗಳು ಒಡೆದು ವಾಸನೆ ಏಳುತ್ತದೆ. ನಮ್ಮ ಎಲೆಯಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ ಇತ್ತು, ಅದರ ಹಿಂದೆ ಏನೋ ಒಗರು ಘಾಟು.

ಈ ಪರೀಕ್ಷೆ ಸುಮ್ನೆ ಅಲ್ಲ. ಕಿತ್ತಳೆಯಂಥ ಕಾಯಿ, ಚೂಪಾದ ಮುಳ್ಳು ಎರಡೂ ಇದ್ದು ನಿಂಬೆಗೆ ಯಾವ ನಂಟೂ ಇಲ್ಲದ ಮರಗಳಿವೆ. ಉತ್ತರ ಅಮೆರಿಕದ ಓಸೇಜ್ ಆರೆಂಜ್ ಅಂಥದ್ದೊಂದು. ಹೆಸರಲ್ಲೇ ಕಿತ್ತಳೆ ಇದೆ, ಆದರೆ ಅದು ಹಲಸು, ಅತ್ತಿ ಸೇರಿದ ಕುಟುಂಬದ ಮರ. ಎಲೆ ಮುರಿದರೆ ಬಿಳಿ ಹಾಲು ಸುರಿಯುತ್ತದೆ, ಬೆಳಕಿಗೆ ಹಿಡಿದರೆ ಎಣ್ಣೆಚುಕ್ಕೆ ಕಾಣುವುದಿಲ್ಲ. ಕುಟುಂಬ ಗೊತ್ತಾಗುವ ಮೊದಲು ಹಣ್ಣನ್ನು ನಾಲಿಗೆಗೆ ಮುಟ್ಟಿಸಬೇಡಿ ಅಂತ ನಾನು ಪಟ್ಟು ಹಿಡಿಯುವುದು ಇದಕ್ಕೇ.

ಇನ್ನೊಂದು ಸಾಕ್ಷಿ ನಾವು ಹುಡುಕದೇ ಸಿಕ್ಕಿತು. ಎಳೇ ಎಲೆಯೊಂದರ ಮೇಲೆ ಹಕ್ಕಿ ಹಿಕ್ಕೆ ಬಿದ್ದಿತ್ತು. ಕಂದು, ನಡುವೆ ಬಿಳಿ. ಹತ್ತಿರ ಹೋಗಿ ನೋಡಿದರೆ ಅದು ಹಿಕ್ಕೆ ಅಲ್ಲ, ಹುಳು. ಕಡ್ಡಿಯಿಂದ ಮೆಲ್ಲಗೆ ತಟ್ಟಿದೆ. ತಲೆಯ ಹಿಂದಿನಿಂದ ಎರಡು ಕೊಂಬು ಹೊರಗೆ ಚಾಚಿ ಗಬ್ಬು ವಾಸನೆ ಬಿಟ್ಟಿತು. ನಿಂಬೆ ಚಿಟ್ಟೆಯ ಮರಿ! ಈ ಚಿಟ್ಟೆ ಮೊಟ್ಟೆ ಇಡೋಕೆ ಹುಡುಕುವುದು ಹೆಚ್ಚಾಗಿ ಇದೇ ಕುಟುಂಬದ ಗಿಡಗಳನ್ನು. ನಮ್ಮ ಫೋನಿಗಿಂತ ಮೊದಲೇ ತಾಯಿ ಚಿಟ್ಟೆ ಈ ಮರದ ಕುಟುಂಬ ಗುರುತಿಸಿತ್ತು. ಅಂದು ನನಗೆ ಅತ್ಯಂತ ಖುಷಿ ಕೊಟ್ಟ ಕ್ಷಣ ಅದು.

ಬಿಲ್ವ ಯಾಕಲ್ಲ

ಬಿಲ್ವವೂ ಇದೇ ಕುಟುಂಬದ್ದು. ಮೂರು ದಳ, ಎಣ್ಣೆಚುಕ್ಕೆ, ಮುಳ್ಳು ಎಲ್ಲ ಇದೆ. ಹಾಗಾಗಿ ಚಿಕ್ಕಪ್ಪನ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ವ್ಯತ್ಯಾಸ ಇರುವುದು ಎಲೆತೊಟ್ಟಿನಲ್ಲಿ.

ಬಿಲ್ವದ ನಡುವಿನ ದಳಕ್ಕೆ ತನ್ನದೇ ಒಂದು ಉದ್ದನೆಯ ಕಿರುತೊಟ್ಟು ಇರುತ್ತದೆ. ಅಕ್ಕಪಕ್ಕದ ಎರಡು ದಳ ಕೆಳಗೆ ಉಳಿದು, ನಡುವಿನದು ಒಂದು ಮೆಟ್ಟಿಲು ಮೇಲೆ ಹೋಗಿ ನಿಂತಂತೆ ಕಾಣುತ್ತದೆ. ದೊಡ್ಡ ತೊಟ್ಟಿಗೆ ರೆಕ್ಕೆ ಇಲ್ಲ, ಕಡ್ಡಿಯ ಹಾಗೆ ದುಂಡಗೆ. ನಮ್ಮ ಮರದಲ್ಲಿ ಮೂರು ದಳಗಳೂ ಒಂದೇ ಬಿಂದುವಿನಿಂದ ಹೊರಟಿದ್ದವು. ತೊಟ್ಟಿನ ಎರಡೂ ಬದಿಗೆ ತೆಳ್ಳಗಿನ ಹಸಿರು ಅಂಚು ಇತ್ತು. ಅದೇ ರೆಕ್ಕೆ.

ಹಣ್ಣು ಕೊಯ್ದ ಮೇಲಂತೂ ಬಿಲ್ವದ ಮಾತೇ ಮುಗಿಯಿತು. ಬಿಲ್ವದ ಕಾಯಿಗೆ ಕರಟದಂಥ ಗಟ್ಟಿ ಚಿಪ್ಪು, ಒಳಗೆ ಅಂಟು ತಿರುಳು. ಬೇಲದ ಹಣ್ಣಿಗೂ ಗಟ್ಟಿ ಚಿಪ್ಪೇ, ಮೇಲಾಗಿ ಅದರ ಎಲೆಯಲ್ಲಿ ಐದೋ ಏಳೋ ದಳ ಜೋಡಿಜೋಡಿಯಾಗಿ ಇರುತ್ತವೆ. ನಮ್ಮ ಹಣ್ಣು ಚಾಕು ತಾಗಿದ ಕೂಡಲೇ ಎರಡಾಯಿತು. ಬಿಳಿ ತೊಗಲು, ಚಕ್ರದ ಅರೆಗಳ ಹಾಗೆ ಜೋಡಿಸಿಟ್ಟ ತೊಳೆಗಳು, ತೊಳೆಯೊಳಗೆ ಸಣ್ಣ ಸಣ್ಣ ರಸದ ಮುತ್ತು. ಈ ರಸದ ಮುತ್ತಿನ ತೊಳೆ ಇದ್ದರೆ ನಾವು ನಿಂಬೆ, ಕಿತ್ತಳೆಗಳ ನಿಜವಾದ ಸಿಟ್ರಸ್ ಗುಂಪಿಗೇ ಬಂದೆವು ಅಂತ ಅರ್ಥ.

ಬೀಜ ಮಾತ್ರ ಸಿಕ್ಕಾಪಟ್ಟೆ. ತಿನ್ನೋಕೆ ಅಂತ ಬೆಳೆಸುವ ಯಾವ ಕಿತ್ತಳೆಯಲ್ಲೂ ಇಷ್ಟೊಂದು ದಪ್ಪ ಬೀಜ ಒತ್ತೊತ್ತಾಗಿ ಇರುವುದಿಲ್ಲ. ಒಂದು ಹನಿ ರಸ ನಾಲಿಗೆಗೆ ಹಚ್ಚಿದೆ. ಮೊದಲು ಹುಳಿ, ಆಮೇಲೆ ಕಹಿ, ಕೊನೆಗೆ ಗಂಟಲಿಗೆ ಹತ್ತುವ ಒಂದು ಘಾಟು. ಚಾಕುವಿನ ಅಲಗಿಗೆ ಗೋಂದಿನಂಥ ಅಂಟು ಮೆತ್ತಿಕೊಂಡಿತ್ತು.

ಎಲೆತೊಟ್ಟಿನ ರೆಕ್ಕೆ ಹೇಳುವ ಕಥೆ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸಿಟ್ರಸ್ ಗುರುತಿಸುವುದರಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು, ಮತ್ತು ಹೆಚ್ಚಿನವರು ನೋಡದೇ ದಾಟಿಹೋಗುವ ಭಾಗ.

ಕಿತ್ತಳೆ ಗಿಡದ ಒಂದು ಎಲೆ ತೆಗೆದುಕೊಳ್ಳಿ. ಎಲೆಯ ಹಾಳೆ ತೊಟ್ಟಿಗೆ ಸೇರುವಲ್ಲಿ ಒಂದು ಸಣ್ಣ ಗೆಣ್ಣು ಇದೆ. ಹಾಳೆಯನ್ನು ಹಿಂದಕ್ಕೆ ಬಗ್ಗಿಸಿದರೆ ಅದೇ ಗೆಣ್ಣಲ್ಲಿ ಟಕ್ ಅಂತ ಕಳಚುತ್ತದೆ, ತೊಟ್ಟು ಕೊಂಬೆಯಲ್ಲೇ ಉಳಿಯುತ್ತದೆ. ಒಂದೇ ಹಾಳೆಯ ಎಲೆಗೆ ನಡುವೆ ಗೆಣ್ಣು ಯಾಕೆ ಬೇಕು? ಅದು ಹಲವು ದಳಗಳ ಎಲೆಯಿಂದ ಬಂದದ್ದು ಅಂತ ಸಸ್ಯಶಾಸ್ತ್ರದವರು ಹೇಳುತ್ತಾರೆ. ಉಳಿದ ದಳಗಳು ಹೋದವು, ನಡುವಿನದೊಂದೇ ಉಳಿಯಿತು. ಗೆಣ್ಣು ಆ ಹಳೇ ಕಾಲದ ಗುರುತು.

ರೆಕ್ಕೆಯ ಅಗಲ ಒಂದೊಂದು ಜಾತಿಯಲ್ಲಿ ಒಂದೊಂದು ಥರ. ಚಕ್ಕೋತದಲ್ಲಿ ಅದು ಅಗಲವಾಗಿ ಹೃದಯದ ಆಕಾರದಲ್ಲಿರುತ್ತದೆ. ಕಾಫಿರ್ ಲೈಮ್‌ನಲ್ಲಿ ರೆಕ್ಕೆ ಎಲೆಯಷ್ಟೇ ದೊಡ್ಡದು, ಎರಡು ಎಲೆ ತುದಿಗೆ ತುದಿ ಅಂಟಿಸಿದ ಹಾಗೆ. ಹುಳಿ ಕಿತ್ತಳೆಯಲ್ಲಿ ಮಧ್ಯಮ, ಸಿಹಿ ಕಿತ್ತಳೆಯಲ್ಲಿ ಕಿರಿದು. ಮಾದಲದಲ್ಲಿ ರೆಕ್ಕೆ ಇಲ್ಲವೇ ಇಲ್ಲ ಅನ್ನಬಹುದು, ಗೆಣ್ಣೂ ಸರಿಯಾಗಿ ಕಾಣುವುದಿಲ್ಲ.

ಗುರುತುಗಳು ಹೀಗೆ ಒಂದೊಂದು ಥರ ಇದ್ದು ಗೊಂದಲ ಮಾಡುವುದಕ್ಕೆ ಕಾರಣ ಈ ಗಿಡಗಳ ವಂಶದಲ್ಲೇ ಇದೆ. 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಸಿಟ್ರಸ್ ಜೀನೋಮ್‌ಗಳ ದೊಡ್ಡ ಅಧ್ಯಯನವೊಂದು ಬಂತು. ಸಿಟ್ರಸ್‌ನ ತವರು ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ಅಸ್ಸಾಮಿನ ಪೂರ್ವಭಾಗ, ಉತ್ತರ ಮ್ಯಾನ್ಮಾರ್, ಪಶ್ಚಿಮ ಯುನ್ನಾನ್ ಸೇರಿದ ಪ್ರದೇಶ ಅಂತ ಅದು ತೋರಿಸಿತು. ಇವತ್ತು ನಾವು ಬೇರೆ ಬೇರೆ ಹೆಸರಲ್ಲಿ ಕರೆಯುವ ಹೆಚ್ಚಿನ ಹಣ್ಣುಗಳು ಮಾದಲ, ಚಕ್ಕೋತ, ಮ್ಯಾಂಡರಿನ್ ಕಿತ್ತಳೆ ಮುಂತಾದ ಕೆಲವೇ ಮೂಲಗಳು ಬೆರೆತು ಹುಟ್ಟಿದವು. ಹುಳಿ ಕಿತ್ತಳೆ ಅಂದರೆ ಚಕ್ಕೋತ ಮತ್ತು ಮ್ಯಾಂಡರಿನ್‌ನ ಮಗು. ಲೆಮನ್ ಅನ್ನುವ ದೊಡ್ಡ ನಿಂಬೆ ಆ ಹುಳಿ ಕಿತ್ತಳೆ ಮತ್ತು ಮಾದಲದ ಮಗು. ಇಷ್ಟು ಸಲೀಸಾಗಿ ಬೆರೆಯುವ ಗಿಡಗಳಲ್ಲಿ ಒಂದೇ ಗುರುತು ನಂಬಿ ಹೆಸರು ಕೊಟ್ಟರೆ ಕೆಡುತ್ತದೆ.

ಆದರೆ ಮೂರು ದಳದ ಎಲೆ, ರೆಕ್ಕೆಯ ತೊಟ್ಟು, ರಸದ ಮುತ್ತಿನ ಹಣ್ಣು ಮೂರೂ ಒಟ್ಟಿಗೆ ಬಂದರೆ ದಾರಿ ಒಂದೇ ಕಡೆಗೆ. ಟ್ರೈಫೋಲಿಯೇಟ್ ಆರೆಂಜ್, ಕನ್ನಡದಲ್ಲಿ ಮೂರೆಲೆ ಕಿತ್ತಳೆ ಅನ್ನೋಣ. ಚೀನಾ ಮೂಲದ್ದು. ಚಳಿಗಾಲದಲ್ಲಿ ಎಲೆಯನ್ನೆಲ್ಲ ಉದುರಿಸಿ, ಮೈನಸ್ 20 ಡಿಗ್ರಿ ಸೆಲ್ಸಿಯಸ್ ಹತ್ತಿರದ ಚಳಿಯನ್ನೂ ತಡೆಯುವ ಗಟ್ಟಿ ಜೀವ. ಪುಸ್ತಕಗಳಲ್ಲಿ ಇದಕ್ಕೆ ಎರಡು ಹೆಸರು ಸಿಗುತ್ತದೆ, ಗಾಬರಿ ಆಗಬೇಡಿ. ಸಸ್ಯಶಾಸ್ತ್ರಜ್ಞ ಲಿನೇಯಸ್ 1763ರಲ್ಲಿ ಸಿಟ್ರಸ್ ಟ್ರೈಫೋಲಿಯೇಟಾ ಅಂತ ಕರೆದ. 1838ರಲ್ಲಿ ರಾಫಿನೆಸ್ಕ್ ಅದನ್ನು ಪಾನ್ಸಿರಸ್ ಅನ್ನುವ ಬೇರೆ ಕುಲಕ್ಕೆ ಹಾಕಿದ. ಈಗ ಹಲವರು ಮತ್ತೆ ಸಿಟ್ರಸ್‌ಗೇ ಸೇರಿಸುತ್ತಾರೆ. ಗಿಡ ಮಾತ್ರ ಒಂದೇ.

ಅಂದು ಸಂಜೆ ನನ್ನ ನೋಟ್‌ಬುಕ್‌ನಲ್ಲಿ ‘ಮೂರೆಲೆ ಕಿತ್ತಳೆ, ಖಚಿತ’ ಅಂತ ಬರೆದೆ. ಆ ‘ಖಚಿತ’ವನ್ನು ಮುಂದೆ ಹೊಡೆದುಹಾಕಬೇಕಾಯಿತು.

ಎರಡನೇ ಭೇಟಿ: ಹೊಂದದ ಮೂರು ವಿಷಯ

ಚಳಿಗಾಲದ ನಡುವೆ ಮತ್ತೆ ಹೋದೆ. ಮೂರೆಲೆ ಕಿತ್ತಳೆಯಾಗಿದ್ದರೆ ಮರ ಪೂರ್ತಿ ಬೋಳಾಗಿರಬೇಕಿತ್ತು. ಹಸಿರು ಕಡ್ಡಿ, ಮುಳ್ಳು, ಅಷ್ಟೇ. ಆದರೆ ಅರ್ಧದಷ್ಟು ಎಲೆ ಇನ್ನೂ ಮರದ ಮೇಲೇ ಇತ್ತು. ಉದುರಿದ್ದೂ ಅಲ್ಲ, ಉಳಿಸಿಕೊಂಡಿದ್ದೂ ಅಲ್ಲ ಅನ್ನುವ ಸ್ಥಿತಿ.

ಉಳಿದ ಎಲೆಗಳನ್ನು ಈ ಸಲ ಒಂದೊಂದಾಗಿ ನೋಡುತ್ತಾ ಹೋದೆ. ಹೆಚ್ಚಿನವು ಮೂರು ದಳದವೇ. ಆದರೆ ನಡುನಡುವೆ ಎರಡೇ ದಳದವು ಸಿಕ್ಕವು. ಕೆಲವಕ್ಕೆ ಒಂದೇ ದಳ, ನೋಡೋಕೆ ಥೇಟ್ ಕಿತ್ತಳೆ ಎಲೆ. ಒಂದೇ ಕಡ್ಡಿಯಲ್ಲಿ ಮೂರೂ ಥರ ಇತ್ತು. ಮೊದಲ ಸಲ ಮೂರು ದಳ ಕಂಡ ಸಂಭ್ರಮದಲ್ಲಿ ಈ ಒಂಟಿ ಎಲೆಗಳನ್ನು ನಾನು ಗಮನಿಸಿಯೇ ಇರಲಿಲ್ಲ.

ಮೂರನೆಯದು ಹಣ್ಣು. ಮೂರೆಲೆ ಕಿತ್ತಳೆಯ ಹಣ್ಣಿನ ಸಿಪ್ಪೆಯ ಮೇಲೆ ಮಖಮಲ್ಲಿನಂಥ ಸಣ್ಣ ರೋಮ ಇರುತ್ತದೆ, ಬೆರಳಲ್ಲಿ ಸವರಿದರೆ ಗೊತ್ತಾಗುತ್ತದೆ. ಗಾತ್ರ 3ರಿಂದ 5 ಸೆಂಟಿಮೀಟರ್. ನಮ್ಮದರ ಸಿಪ್ಪೆ ನುಣುಪು, ಹಣ್ಣೂ ದೊಡ್ಡದು. ಕೊಂಬೆಯಲ್ಲಿ ಉಳಿದಿದ್ದ ಕೊನೆಯ ಹಣ್ಣಿನ ಮೇಲೆ ಭೂತಕನ್ನಡಿ ಹಿಡಿದು ಹುಡುಕಿದೆ. ಎಣ್ಣೆಯ ಗುಳಿಗಳು ಇದ್ದವು, ರೋಮ ಇರಲಿಲ್ಲ.

ಈ ಮರದ ಅಪ್ಪ ಅಥವಾ ಅಮ್ಮ ಮೂರೆಲೆ ಕಿತ್ತಳೆ, ಇನ್ನೊಬ್ಬರು ಬೇರೆ ಯಾರೋ. ಅಷ್ಟು ಮಾತ್ರ ಸ್ಪಷ್ಟವಾಯಿತು. ಮೂರು ದಳದ ಗುಣ ಪ್ರಬಲವಾದದ್ದು, ಬೇರೆ ಸಿಟ್ರಸ್ ಜೊತೆ ಕ್ರಾಸ್ ಮಾಡಿದರೂ ಮಕ್ಕಳಲ್ಲಿ ಎದ್ದು ಕಾಣುತ್ತದೆ. ತಳಿ ಬೆಳೆಸುವವರು ಮಿಶ್ರತಳಿ ಸಸಿಗಳನ್ನು ಬೇಗ ಆರಿಸುವುದೂ ಇದೇ ಗುರುತಿನಿಂದ. ಹಾಗಾದರೆ ಯಾರೂ ತಿನ್ನದ, ಇಷ್ಟು ಮುಳ್ಳಿನ ಮಿಶ್ರತಳಿಯೊಂದು ಈ ಮೂಲೆಗೆ ಬಂದದ್ದು ಹೇಗೆ?

ಉತ್ತರ ಬುಡದಲ್ಲಿತ್ತು

ಇಷ್ಟು ದಿನ ಮುಳ್ಳಿಗೆ ಹೆದರಿ ಬುಡದ ಹತ್ತಿರ ಹೋಗಿರಲಿಲ್ಲ. ಈ ಸಲ ದಪ್ಪ ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಉದ್ದ ಹಿಡಿಯ ಕತ್ತರಿಯಿಂದ ಕೆಳಗಿನ ಕೊಂಬೆಗಳನ್ನು ಬಿಡಿಸಿದೆವು. ಕನ್ನಡಕ ಮರೆಯಬೇಡಿ, ಈ ಮುಳ್ಳು ಸುಲಭವಾಗಿ ಮುರಿಯುವಂಥದ್ದಲ್ಲ. ಗುಲಾಬಿಯ ಮುಳ್ಳು ಬರೀ ತೊಗಲಿನ ಮೇಲಿನದು, ಪಕ್ಕಕ್ಕೆ ಒತ್ತಿದರೆ ಕಳಚುತ್ತದೆ. ಸಿಟ್ರಸ್ ಮುಳ್ಳು ರೂಪ ಬದಲಿಸಿದ ಕೊಂಬೆ. ಎಲೆಯ ಕಂಕುಳಲ್ಲಿ ಮೊಗ್ಗಿನ ಪಕ್ಕದಿಂದ ಹುಟ್ಟುತ್ತದೆ, ಒಳಗಿನ ಕಟ್ಟಿಗೆಗೇ ಬೆಸೆದುಕೊಂಡಿರುತ್ತದೆ. ಕತ್ತರಿ ಇಲ್ಲದೆ ತೆಗೆಯೋಕೆ ಆಗಲ್ಲ. ಚುಚ್ಚಿದ ತುದಿ ಒಳಗೆ ಮುರಿದು ಉಳಿದರೆ ಕೀಲು ಊದಿಕೊಂಡು ವಾರಗಟ್ಟಲೆ ನೋಯಬಹುದು. ಅಂಥ ಗಾಯವನ್ನು ವೈದ್ಯರಿಗೆ ತೋರಿಸುವುದೇ ಸರಿ.

ಕೊಂಬೆ ಸರಿದ ಮೇಲೆ ಬುಡ ಕಾಣಿಸಿತು. ನೆಲದಿಂದ ಒಂದು ಗೇಣು ಮೇಲೆ ಕಾಂಡದ ದಪ್ಪ ಒಮ್ಮೆಲೇ ಬದಲಾಗಿತ್ತು. ಕೆಳಗಿನ ಭಾಗ ದಪ್ಪ, ಉಬ್ಬುತಗ್ಗು. ಅದರ ಮೇಲೆ ಜಗಲಿಯ ಹಾಗೆ ಒಂದು ಅಂಚು. ಆ ಅಂಚಿನ ನಡುವೆ, ಸುತ್ತಲಿನ ಹೊಸ ತೊಗಟೆ ನುಂಗುತ್ತಾ ಬಂದಿದ್ದ ಒಂದು ಸತ್ತ ಮೋಟು. ಒಳಗೆ ಪೊಳ್ಳು, ಬೆರಳು ಹಾಕಿದರೆ ಪುಡಿಯಾಗಿ ಉದುರುತ್ತಿತ್ತು. ಈಗ ಬದುಕಿದ್ದ ನಾಲ್ಕೂ ಕಾಂಡಗಳು ಹುಟ್ಟಿದ್ದು ಅಂಚಿನ ಕೆಳಗಿನಿಂದ. ಮೇಲಿನಿಂದ ಒಂದೂ ಇಲ್ಲ.

“ಇದು ಕಸಿ ಗಂಟು ಚಿಕ್ಕಪ್ಪ” ಅಂದೆ. “ಮೇಲಿನ ಮರ ಸತ್ತುಹೋಗಿದೆ. ನಾವು ನೋಡ್ತಾ ಇರೋದು ಅದರ ಬೇರುಸಸೀನ.”

ಚಿಕ್ಕಪ್ಪ ಎದ್ದು ನಿಂತು ಸುಮ್ಮನೆ ಆಚೆ ಈಚೆ ನೋಡಿದರು. ಆಮೇಲೆ ಮರದಿಂದ ನೇರ ಗೆರೆ ಹಿಡಿದು ಹೆಜ್ಜೆ ಎಣಿಸುತ್ತಾ ನಡೆದರು. ಎಂಟನೇ ಹೆಜ್ಜೆಗೆ ಪೊದೆ ಸರಿಸಿ ಕೂಗಿದರು, ಅಲ್ಲೊಂದು ಕೊಳೆತ ಬುಡ. ಇನ್ನೂ ಎಂಟು ಹೆಜ್ಜೆ ಆಚೆ ಇನ್ನೊಂದು. ತಾನಾಗಿ ಹುಟ್ಟಿದ ಮರಗಳು ಸಮ ಅಂತರದಲ್ಲಿ ಸಾಲಾಗಿ ನಿಲ್ಲುವುದಿಲ್ಲ ಅಲ್ವಾ? ಇದು ಯಾರೋ ಪ್ರೀತಿಯಿಂದ ನೆಟ್ಟ ತೋಟ. ನೋಡಿಕೊಳ್ಳುವವರು ಇಲ್ಲದೆ ಹೋಗಿತ್ತು. ಕಾಡುಮರ ಅಂತ ನಾವು ಕರೆಯುತ್ತಿದ್ದುದು ಆ ಸಾಲಿನಲ್ಲಿ ಉಳಿದ ಕೊನೆಯ ಬೇರು.

ಹೀಗಾಗುವುದು ಅಪರೂಪ ಅಲ್ಲ. ಕಸಿ ಗಿಡದಲ್ಲಿ ಬೇರು ಒಂದರದು, ಹಣ್ಣು ಕೊಡುವ ಮೇಲಿನ ಭಾಗ ಇನ್ನೊಂದರದು. ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಆಗಾಗ ಚಿವುಟಬೇಕು. ಬಿಟ್ಟರೆ ಅದು ಜೋರಾಗಿ ಬೆಳೆದು, ನೀರು ಗೊಬ್ಬರ ತಾನೇ ಎಳೆದುಕೊಂಡು, ಮೇಲಿನದಕ್ಕೆ ನೆರಳು ಮಾಡಿ ಕೊನೆಗೆ ಕೊಲ್ಲುತ್ತದೆ. ಬುಡದ ಚಿಗುರು ಸಸಿಯ ಗುಣ ಉಳಿಸಿಕೊಂಡಿರುವುದರಿಂದ ಮುಳ್ಳೂ ಜಾಸ್ತಿ. “ನಮ್ಮ ಕಿತ್ತಳೆ ಗಿಡ ಇದ್ದಕ್ಕಿದ್ದ ಹಾಗೆ ಮುಳ್ಳಾಗಿ, ಹಣ್ಣು ಕಹಿಯಾಯಿತು” ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಚಿಗುರು ಗಂಟಿನ ಮೇಲಿಂದ ಬಂದಿದೆಯಾ, ಕೆಳಗಿಂದಾ ಅಂತ.

ಹೆಸರು

ಬೇರುಸಸಿ ಅಂತ ತಿಳಿದ ಮೇಲೆ ಹುಡುಕಬೇಕಾದ ಪಟ್ಟಿ ಚಿಕ್ಕದಾಯಿತು. 1894–95ರ ಚಳಿಗಾಲದಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಮಂಜುಗಟ್ಟುವಂಥ ಚಳಿ ಬಿದ್ದು ಕಿತ್ತಳೆ ತೋಟಗಳು ನಾಶವಾದವು. ಚಳಿ ತಡೆಯುವ ಕಿತ್ತಳೆ ಬೇಕು ಅಂತ ವಾಲ್ಟರ್ ಸ್ವಿಂಗಲ್, ಹರ್ಬರ್ಟ್ ವೆಬರ್ ಅನ್ನುವ ಇಬ್ಬರು ಸಸ್ಯವಿಜ್ಞಾನಿಗಳು ಸಿಹಿ ಕಿತ್ತಳೆಯನ್ನು ಮೂರೆಲೆ ಕಿತ್ತಳೆಯ ಜೊತೆ ಕ್ರಾಸ್ ಮಾಡಿದರು. 1897ರ ಕೆಲಸ ಅದು. ಹುಟ್ಟಿದ ಮಿಶ್ರತಳಿಗೆ ಸಿಟ್ರೇಂಜ್ ಅಂತ ಹೆಸರಾಯಿತು. ಚಳಿ ತಡೆಯಿತು, ಆದರೆ ಹಣ್ಣು ತಿನ್ನುವ ಹಾಗಿರಲಿಲ್ಲ. ಕಹಿಯೂ ಘಾಟೂ ಮೂರೆಲೆ ಕಡೆಯಿಂದ ಬಂದುಬಿಟ್ಟಿತ್ತು.

ಹಣ್ಣಾಗಿ ಸೋತದ್ದು ಬೇರಾಗಿ ಗೆದ್ದಿತು. 1930ರ ದಶಕದಿಂದ ದಕ್ಷಿಣ ಅಮೆರಿಕದಲ್ಲಿ ಟ್ರಿಸ್ಟೆಜಾ ಅನ್ನುವ ವೈರಸ್ ರೋಗ ಹುಳಿ ಕಿತ್ತಳೆ ಬೇರಿನ ಮೇಲಿದ್ದ ಲಕ್ಷಾಂತರ ಮರಗಳನ್ನು ಒಣಗಿಸಿತು. ಆ ಪದಕ್ಕೆ ಪೋರ್ಚುಗೀಸಿನಲ್ಲಿ ದುಃಖ ಅಂತಲೇ ಅರ್ಥ. ಮೂರೆಲೆ ಕಿತ್ತಳೆ ಮತ್ತು ಅದರ ಹಲವು ಮಿಶ್ರತಳಿಗಳ ಬೇರಿನ ಮೇಲಿದ್ದ ಕಿತ್ತಳೆ ಆ ರೋಗ ತಾಳಿಕೊಂಡಿತು. 1909ರ ಒಂದು ಕ್ರಾಸ್‌ನಿಂದ ಬಂದ ಕರೀಜೋ ಮತ್ತು ಟ್ರಾಯರ್ ಸಿಟ್ರೇಂಜ್‌ಗಳು ಬೇರುಸಸಿಯಾಗಿ ಹಲವು ದೇಶಗಳಿಗೆ ಹರಡಿದವು.

ಅರ್ಧ ಉದುರುವ ಎಲೆ, ಮೂರರ ಜೊತೆ ಬೆರೆತ ಒಂಟಿ ದಳ, ನುಣುಪು ಸಿಪ್ಪೆಯ ಕಹಿ ಹಣ್ಣು, ತುಂಬಾ ಬೀಜ, ಗಂಟಿನ ಕೆಳಗೆ ದಪ್ಪಗೆ ಬೆಳೆದ ಜಗಲಿ. ಎಲ್ಲ ಸಿಟ್ರೇಂಜ್‌ಗೆ ಕೂಡಿಬಂತು. ಅದರಲ್ಲಿ ಕರೀಜೋನಾ ಟ್ರಾಯರ್‌ರಾ ಅಂತ ಕಣ್ಣಿನಿಂದ ಹೇಳುವ ಹಾಗಿಲ್ಲ, ಎರಡೂ ಒಂದೇ ಥರ ಇವೆ. ನಮ್ಮ ಕೆಲಸಕ್ಕೆ ಅಷ್ಟು ಬೇಕಾಗಿಯೂ ಇರಲಿಲ್ಲ.

ಮೂರನೇ ಭೇಟಿಯಲ್ಲಿ ಹೂವು ಕೊನೆಯ ಸಾಕ್ಷಿ ಹೇಳಿತು. ಶುದ್ಧ ಮೂರೆಲೆ ಕಿತ್ತಳೆ ಎಲೆ ಬರುವ ಮೊದಲೇ ಬೋಳು ಕಡ್ಡಿಯ ಮೇಲೆ ಹೂ ಬಿಡುತ್ತದೆ, ಕೇಸರಗಳು ಬಿಡಿಬಿಡಿ ಇರುತ್ತವೆ. ಸಿಹಿ ಕಿತ್ತಳೆ ಹೊಸ ಚಿಗುರಿನ ಮೇಲೆ ಹೂ ಬಿಡುತ್ತದೆ, ಕೇಸರಗಳು ಕಂತೆಯಾಗಿ ಅಂಟಿಕೊಂಡಿರುತ್ತವೆ. ನಮ್ಮ ಮರದಲ್ಲಿ ಕೆಲವು ಹೂ ಹಳೇ ಕಡ್ಡಿಯ ಮೇಲಿದ್ದವು, ಕೆಲವು ಎಳೇ ಎಲೆಗಳ ನಡುವೆ.

ಕೊಳೆತ ಹಣ್ಣಿನ ಬೀಜಗಳನ್ನು ಮೊದಲ ಭೇಟಿಯಲ್ಲೇ ತಂದು ಮನೆಯ ಕುಂಡದಲ್ಲಿ ಹಾಕಿದ್ದೆ. ಅವೂ ಮೊಳೆತವು. ಒಂದೇ ಬೀಜದಿಂದ ಎರಡು, ಒಂದರಲ್ಲಿ ಮೂರು ಸಸಿ. ಸಿಟ್ರಸ್‌ನ ಈ ಗುಣವನ್ನು ಸೂಕ್ಷ್ಮದರ್ಶಕಕ್ಕೆ ಹೆಸರಾದ ಲೇವನ್‌ಹುಕ್ 1719ರಲ್ಲೇ ಗಮನಿಸಿದ್ದ. ಹೂವಿನ ಪರಾಗ ಸೇರದೆ, ತಾಯಿಯ ಅಂಗಾಂಶದಿಂದಲೇ ಬೀಜದೊಳಗೆ ಹೆಚ್ಚುವರಿ ಭ್ರೂಣಗಳು ಹುಟ್ಟುತ್ತವೆ. ಅಂಥ ಸಸಿ ತಾಯಿಯ ತದ್ರೂಪ. ಬೀಜದಿಂದ ಎಬ್ಬಿಸಿದರೂ ಗುಣ ಬದಲಾಗದ ಕಾರಣಕ್ಕೂ ಸಿಟ್ರೇಂಜ್ ಅನ್ನು ಬೇರುಸಸಿಗೆ ಆರಿಸುತ್ತಾರೆ.

ಕಡಿಯಬೇಕಾ?

ನಿಜವಾದ ಕಾಡು ಸಿಟ್ರಸ್ ಆಗಿದ್ದರೆ ಕಡಿಯಬೇಡಿ ಅಂತ ನಾನು ಕೈ ಮುಗಿದು ಕೇಳುತ್ತಿದ್ದೆ. ಅಂಥ ಮರಗಳು ಈಗ ಕೆಲವೇ ಜಾಗಗಳಲ್ಲಿ ಉಳಿದಿವೆ. ಮೇಘಾಲಯದ ಗಾರೋ ಬೆಟ್ಟಗಳ ನೋಕ್ರೆಕ್‌ನಲ್ಲಿ ಸಿಟ್ರಸ್ ಇಂಡಿಕಾ ಅನ್ನುವ ಕಾಡು ಕಿತ್ತಳೆಗಾಗಿಯೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಹೊಸ ರೋಗ ಬಂದಾಗ ತಳಿಗಾರರು ಹೋಗಿ ಹುಡುಕುವುದು ಇಂಥ ಕಾಡು ಬಂಧುಗಳನ್ನೇ. ಹಾಗಾಗಿ ಗುರುತು ಗೊತ್ತಿಲ್ಲದ ಮುಳ್ಳಿನ ಸಿಟ್ರಸ್ ಕಂಡರೆ ಮೊದಲು ಗರಗಸ ಕೆಳಗಿಡಿ, ಬುಡ ನೋಡಿ.

ನಮ್ಮದು ಕಾಡಿನದಲ್ಲ. ವಿಷವೂ ಅಲ್ಲ, ಕಹಿ ಅಷ್ಟೇ. ಸಿಪ್ಪೆಯ ಎಣ್ಣೆ ಮೈಗೆ ಹತ್ತಿ ಬಿಸಿಲು ತಾಗಿದರೆ ಚರ್ಮ ಸುಟ್ಟಂತೆ ಆಗಬಹುದು, ಆ ಎಚ್ಚರ ಸಾಕು. ಬೇರು ಮಾತ್ರ ಗಟ್ಟಿಮುಟ್ಟಾಗಿತ್ತು. ಇಷ್ಟು ವರ್ಷ ಯಾರ ಆರೈಕೆಯೂ ಇಲ್ಲದೆ ಬದುಕಿದ ಬೇರನ್ನು ಕಿತ್ತು ಹೊಸ ಸಸಿ ನೆಡೋದಕ್ಕಿಂತ, ಅದರ ಮೇಲೇ ಮತ್ತೆ ಕಸಿ ಕಟ್ಟೋಣ ಅಂದೆ. ಚಿಕ್ಕಪ್ಪನಿಗೂ ಮನಸ್ಸಾಯಿತು.

ಯಾವ ಗಿಡದ ಕಣ್ಣು, ಅಂದರೆ ಕಸಿಗೆ ಬಳಸುವ ಮೊಗ್ಗು, ಹಾಕುವುದು ಅನ್ನುವುದರಲ್ಲಿ ಅವಸರ ಮಾಡಲಿಲ್ಲ. ಯುರೇಕಾ ಲೆಮನ್ ಈ ಬೇರಿಗೆ ಒಗ್ಗುವುದಿಲ್ಲ, ಗಂಟು ಕೂಡಿದ ಹಾಗೆ ಕಂಡರೂ ಮುಂದೆ ಮರ ಸೊರಗುತ್ತದೆ. ಸಿಹಿ ಕಿತ್ತಳೆ ಒಗ್ಗುತ್ತದೆ. ಮಣ್ಣಿನಲ್ಲಿ ಸುಣ್ಣ ಜಾಸ್ತಿ ಇದ್ದರೆ ಸಿಟ್ರೇಂಜ್ ಬೇರಿನ ಮರದ ಎಲೆ ಹಳದಿ ತಿರುಗುತ್ತದೆ, ಆದರೆ ಇಲ್ಲಿನ ಎಲೆಗಳು ಕಡುಹಸಿರಾಗಿಯೇ ಇದ್ದವು. ಎಕ್ಸೋಕಾರ್ಟಿಸ್ ಅನ್ನುವ ವೈರಾಯ್ಡ್ (ವೈರಸ್‌ಗಿಂತಲೂ ಚಿಕ್ಕ ರೋಗಕಾರಕ) ರೋಗಕ್ಕೆ ಮೂರೆಲೆ ವಂಶದ ಬೇರು ಬೇಗ ಸಿಕ್ಕಿ ತೊಗಟೆ ಚಕ್ಕೆ ಏಳುತ್ತದೆ, ಅದು ಕಸಿಕಡ್ಡಿಯ ಮೂಲಕವೇ ಬರಬಹುದು. ಹಾಗಾಗಿ ರೋಗ ಪರೀಕ್ಷೆ ಆದ ತಾಯಿಮರದ ಕಡ್ಡಿಯನ್ನೇ ತರಿಸಿದೆವು.

ನಾಲ್ಕು ಕಾಂಡದಲ್ಲಿ ನೇರವಾದ ಎರಡನ್ನು ಉಳಿಸಿ ಉಳಿದವನ್ನು ತೆಗೆದೆವು. ವಸಂತದಲ್ಲಿ ರಸ ಏರಿ ತೊಗಟೆ ಸಲೀಸಾಗಿ ಬಿಡುತ್ತಿತ್ತು. ನಯವಾದ ಜಾಗ ನೋಡಿ ಟಿ ಆಕಾರದಲ್ಲಿ ಸೀಳಿ, ಕಣ್ಣು ಇಳಿಸಿ, ಪಟ್ಟಿ ಸುತ್ತಿದೆವು. ಪ್ರತಿ ಕಣ್ಣಿನ ಕೆಳಗೂ ಎಲೆತೊಟ್ಟಿನ ಒಂದು ತುಂಡು ಬಿಟ್ಟಿದ್ದೆವು. ಒಟ್ಟು ಆರು ಕಣ್ಣು.

ಮೂರು ವಾರ ಕಳೆದು ಪಟ್ಟಿ ಬಿಚ್ಚಿದೆವು. ಎರಡರಲ್ಲಿ ತೊಟ್ಟು ಒಣಗಿ ಕಪ್ಪಾಗಿ ಕಚ್ಚಿಕೊಂಡಿತ್ತು, ಎಳೆದರೂ ಬರಲಿಲ್ಲ. ಅವು ಹೋದವು. ಮೂರನೆಯದನ್ನು ಚಿಕ್ಕಪ್ಪ ಕೈಗವಸು ತೆಗೆದು ಬೆರಳ ತುದಿಯಿಂದ ಬರೀ ಮುಟ್ಟಿದರು. ತೊಟ್ಟು ಹಳದಿಯಾಗಿತ್ತು, ಮುಟ್ಟಿದ್ದೇ ತಡ ಕಳಚಿ ಅವರ ಅಂಗೈಗೆ ಬಿತ್ತು. ಅದರ ಹಿಂದೆ ಕಣ್ಣು ಹಸಿರಾಗಿ, ಉಬ್ಬಿಕೊಂಡು ಕೂತಿತ್ತು.

“ಇದು ಹಿಡಿದಿದೆ ಅಲ್ವೇನೋ?” ಅಂದರು.

“ಹಿಡಿದಿದೆ ಚಿಕ್ಕಪ್ಪ. ಮುಂದಿನದು ಮುಟ್ಟಿ.”